ಉಪ್ಪುನೀರಿನ ಚರಿತ್ರೆ

ಸೂರತ್ ನಗರದ ಪಶ್ಚಿಮಕ್ಕೆ, ತಾಪಿ ನದಿಯ ಬಲದಂಡೆಯ ಮೇಲೆ, ಒಂದು ಕಾಲಕ್ಕೆ ಬರಿಯ ಹಳ್ಳಿಯಾಗಿದ್ದು ಈಗ ಬಹುಮಹಡಿಯ ವಸತಿಗಳಿಂದ ಇಡಿಕಿರಿದಿರುವ ಅಡಾಜಣದಲ್ಲಿ ನಿಂತು ಹೊಳೆಯನ್ನು ನೋಡುವವನಿಗೆ, ಆ ನೀರು ಯಾವ ಗಳಿಗೆಯಲ್ಲಿ ನದಿಯದು, ಯಾವ ಗಳಿಗೆಯಲ್ಲಿ ಕಡಲಿನದು ಎಂಬುದನ್ನು ಕಣ್ಣಿನಿಂದಲೇ ನಿರ್ಣಯಿಸುವುದು ಸಾಧ್ಯವಾಗದು. ಖಂಭಾತ ಕೊಲ್ಲಿಯ ಉಬ್ಬರವು ನಮ್ಮ ದೇಶದ ಅತ್ಯಂತ ಪ್ರಬಲವಾದ ಉಬ್ಬರಗಳಲ್ಲಿ ಒಂದಾದುದರಿಂದ, ಅದು ದಿನಕ್ಕೆರಡು ಬಾರಿ ನದಿಯ ಪಾತ್ರದೊಳಗೆ ಬಹುದೂರ ನುಗ್ಗಿ ಬಂದು ಸಿಹಿನೀರನ್ನು ಹಿಂದಕ್ಕೆ ತಳ್ಳುವುದು ಪುರಾತನ ಕಾಲದಿಂದಲೂ ನಡೆದುಬಂದ ಸಂಗತಿ. ಬೆಳೆಯುತ್ತಿದ್ದ ನಗರದ ಕುಡಿಯುವ ನೀರಿಗೆ ಇದರಿಂದ ಒದಗಿದ ಬಾಧೆಯನ್ನು ತಡೆಯಲೆಂದು 1995ರಲ್ಲಿ ರಾಂದೇರ್ ಮತ್ತು ಸಿಂಗಣಪೋರ್‌ಗಳ ನಡುವೆ, ಸೇತುವೆಯೂ ಆಗಿ ಅಡ್ಡಗಟ್ಟೆಯೂ ಆಗಿರುವ ಒಂದು ಕಟ್ಟಡವನ್ನು ಕಟ್ಟಿದರು. ಅದರ ಮೇಲ್ಬದಿಗೆ ಸಿಹಿನೀರು ನಿಂತಿತು. ಕೆಳಬದಿಯಲ್ಲಿರುವ ಅಡಾಜಣದ ಪಾಲಿಗೆ ಉಬ್ಬರದ ಉಪ್ಪುನೀರು ಉಳಿಯಿತು.

ನೀರಿನಲ್ಲಿ ಕರಗಿದ ಉಪ್ಪು ಕಣ್ಮರೆಯಾಗುತ್ತದೆಯೇ ಹೊರತು ಸುಮ್ಮನಿರುವುದಿಲ್ಲ. ನೀರು ಹೆಪ್ಪುಗಟ್ಟುವ ಶೈತ್ಯವನ್ನೂ, ಕುದಿಯುವ ಶಾಖವನ್ನೂ, ಆವಿಯಾಗಿ ಏರುವ ವೇಗವನ್ನೂ, ಬೇರಿನೊಳಕ್ಕೆ ಹೊಗುವ ಅಥವಾ ಬೇರಿನಿಂದ ಹೊರಬೀಳುವ ದಿಕ್ಕನ್ನೂ ಅದು ಬದಲಾಯಿಸುತ್ತದೆ. ಇದನ್ನು ರಸಾಯನಶಾಸ್ತ್ರವು ಸೂತ್ರಬದ್ಧವಾಗಿ ನಿರೂಪಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಇಪ್ಪತ್ತು ವರ್ಷಗಳಲ್ಲಿ. ಆದರೆ ಗುಜರಾತಿನ ಕರಾವಳಿಯಲ್ಲಿಯೂ ಕಚ್ಛದ ರಣದಲ್ಲಿಯೂ ಉಪ್ಪುನೀರಿನೊಡನೆ ಬಾಳಿದ ಜನ ಅದಕ್ಕೆ ಎಷ್ಟೋ ಮೊದಲೇ ಈ ವ್ಯಾಪಾರಗಳನ್ನೆಲ್ಲ ಕೈಕಾಲುಗಳಿಂದ ಅರಿತಿದ್ದರು. ಉಪ್ಪಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮಣದ ಲೆಕ್ಕದಲ್ಲಿ ತೂಗಿದ ಉಪ್ಪಿನ ಚರಿತ್ರೆಯನ್ನು ಬರೆದಿದ್ದಾರೆ. ಉಪ್ಪು ಹುಟ್ಟುವ ನೀರಿನ ಚರಿತ್ರೆಗೂ ಒಂದಿಷ್ಟು ಸ್ಥಳ ಸಲ್ಲಬೇಕೆಂಬುದು ನನ್ನ ಮತ.

ಮೊದಲು ಅಡುಗೆಯ ಉಪ್ಪಿಗಿಂತ ಬೇರೆಯದಾದ ಒಂದು ಉಪ್ಪಿನ ಮಾತು. ದೊಡ್ಡ ಹಡಗುಗಳು ತಾಪಿಯ ಮರಳುದಿಣ್ಣೆಗಳನ್ನು ದಾಟಿ ಸೂರತ್ತಿನವರೆಗೆ ಬರಲಾರದೆ ಸುವಾಲಿಯ ಲಂಗರುದಾಣದಲ್ಲಿಯೇ ನಿಲ್ಲುತ್ತಿದ್ದುವು. 1612ರಲ್ಲಿ ಇಂಗ್ಲಿಷರು ಪೋರ್ಚುಗೀಸರನ್ನು ಸೋಲಿಸಿದ ನೌಕಾಯುದ್ಧ ನಡೆದದ್ದು ಅಲ್ಲಿಯೇ. ಅದರ ಮರುವರ್ಷವೇ ಸೂರತ್ತಿನಲ್ಲಿ ಅವರ ಕೋಠಿ ನೆಲೆಗೊಂಡಿತು. ಸುವಾಲಿಯಿಂದ ನಗರಕ್ಕೆ ಬರುವ ಸರಕೂ ಮನುಷ್ಯರೂ ಈ ಬಲದಂಡೆಯ ಬಯಲನ್ನು ಹಾದು ಬಂದೇ ಹೊಳೆ ದಾಟಬೇಕಾಗಿದ್ದಿತು. ಹಾಗೆ ಹೊರಕ್ಕೆ ಹೋಗುತ್ತಿದ್ದ ಸರಕುಗಳಲ್ಲಿ ನೀಲಿ ಮತ್ತು ಹತ್ತಿಯ ಬಟ್ಟೆಗಳ ಜೊತೆಗೆ ಪೆಟ್ಲುಪ್ಪೂ ಒಂದು. ಮದ್ದುಗುಂಡಿಗೆ ಅದು ಅವಶ್ಯಕವಾಗಿದ್ದುದಲ್ಲದೆ, ಹಗುರವಾದ ಬಟ್ಟೆಯ ಹೊರೆಗಳನ್ನು ತುಂಬಿಕೊಂಡ ಹಡಗಿನ ತಳದಲ್ಲಿ ಭಾರಕ್ಕಾಗಿ ಹಾಕುವುದಕ್ಕೂ ಅನುಕೂಲವಾಗಿದ್ದಿತು. 1638ರಲ್ಲಿ ಅಹಮದಾಬಾದಿಗೆ ಬಂದ ಜರ್ಮನ್ ಪ್ರವಾಸಿ ಮ್ಯಾಂಡೆಲ್‌ಸ್ಲೋ, ಅಲ್ಲಿ ಮಾರುತ್ತಿದ್ದ ಪೆಟ್ಲುಪ್ಪನ್ನು ಬೀಳುಬಿದ್ದ ನೆಲದ ಮಣ್ಣಿನಿಂದ ತೆಗೆಯುವ ವಿಧಾನವನ್ನು ವಿವರಿಸಿದ್ದಾನೆ. ಮಣ್ಣನ್ನು ನೀರಿನಲ್ಲಿ ನೆನೆಸಿ, ತಿಳಿಯನ್ನು ಬಸಿದು, ಕುದಿಸಿ, ಆರಿಸುವುದೇ ಆ ವಿಧಾನದ ಸಾರ.

ಈ ಕುದಿಸುವುದು ಮತ್ತು ಆರಿಸುವುದರ ನಡುವೆ ಅಡಗಿದ್ದ ಜಾಣ್ಮೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೂರು ಗ್ರಾಂ ನೀರು ಹೆಪ್ಪುಗಟ್ಟುವ ಶೈತ್ಯದಲ್ಲಿ 13 ಗ್ರಾಮಿನಷ್ಟು ಪೆಟ್ಲುಪ್ಪನ್ನು ಮಾತ್ರ ಕರಗಿಸಿಕೊಳ್ಳಬಲ್ಲುದು. ಅದೇ ನೀರು ಕುದಿಯುವಾಗ ಸುಮಾರು 245 ಗ್ರಾಮಿಗೆ ಎಡೆಗೊಡುತ್ತದೆ. ಅಡುಗೆಯ ಉಪ್ಪಿಗಾದರೋ ಈ ಉದಾರತೆ ದೊರೆಯದು: ತಣ್ಣನೆಯ ನೀರಿನಲ್ಲಿ 36 ಗ್ರಾಂ, ಕುದಿಯುವ ನೀರಿನಲ್ಲಿ 39 ಗ್ರಾಂ, ಅಷ್ಟೇ. ಆದಕಾರಣ ಎರಡೂ ಬೆರೆತ ನೀರನ್ನು ಕುದಿಸುತ್ತ ಹೋದಂತೆಲ್ಲ ಅಡುಗೆಯ ಉಪ್ಪು ಬಿಸಿಯಲ್ಲಿಯೇ ತಳಕ್ಕಿಳಿಯುತ್ತದೆ. ಅದನ್ನು ಸೌಟಿನಿಂದ ತೋಡಿ ಹಾಕಿ, ಉಳಿದ ನೀರನ್ನು ಆರಲು ಬಿಟ್ಟರೆ ಪೆಟ್ಲುಪ್ಪು ಸೂಜಿಗಳಂತೆ ಹರಳುಗಟ್ಟುತ್ತದೆ. ಅದನ್ನೇ ಮೊಗಲರ ಅರಮನೆಯಲ್ಲಿ ನೀರನ್ನು ತಣಿಸಲು ಉಪಯೋಗಿಸುತ್ತಿದ್ದರೆಂದು ಅಬುಲ್ ಫಜಲನ ಐನ್-ಇ-ಅಕ್ಬರಿಯಿಂದ ತಿಳಿದುಬರುತ್ತದೆ. ಕುಡಿಯುವ ನೀರನ್ನು ಲೋಹದ ಹೂಜಿಯಲ್ಲಿ ತುಂಬಿ ಬಾಯಿ ಕಟ್ಟಿ, ಪೆಟ್ಲುಪ್ಪನ್ನು ಆಗತಾನೇ ಕದಡಿದ ನೀರಿನಲ್ಲಿ ಅದನ್ನು ಸ್ವಲ್ಪ ಹೊತ್ತು ತಿರುಗಿಸುತ್ತಿದ್ದರು. ಹರಳಿನ ಕಟ್ಟನ್ನು ಬಿಚ್ಚುವುದಕ್ಕೆ ಬೇಕಾಗುವ ಶಾಖವು, ಬಿಚ್ಚಿಕೊಂಡ ಕಣಗಳನ್ನು ನೀರು ಸುತ್ತುವರಿದಾಗ ಹೊರಬೀಳುವ ಶಾಖಕ್ಕಿಂತ ಹೆಚ್ಚಾಗಿರುವುದರಿಂದ, ಕೊರತೆಯನ್ನು ಸುತ್ತಲಿನ ನೀರೇ ಭರಿಸಬೇಕಾಗುತ್ತದೆ. ಅದೇ ತಂಪಿನ ಮೂಲ. ಬಾದಶಹನ ಸೇವಕರಿಗೆ ಈ ಕಾರಣ ಬೇಕಿರಲಿಲ್ಲ, ತಂಪು ಬೇಕಿತ್ತು.

ಅಡುಗೆಯ ಉಪ್ಪು ತಣಿಸಿದರೆ ಬಾರದು, ನೀರನ್ನು ಹಿಂಗಿಸಿದರೆ ಮಾತ್ರ ಬರುವುದು. ಕಟ್ಟಿಗೆಯನ್ನು ಉರಿಸಿ ಅಷ್ಟು ನೀರನ್ನು ಹಿಂಗಿಸುವುದು ದುಬಾರಿಯ ಕೆಲಸವಾದುದರಿಂದ, ಬಿಸಿಲೂ ಗಾಳಿಯೂ ಸಮನಾದ ನೆಲವೂ ಒಟ್ಟಿಗೆ ದೊರೆಯುವ ಗುಜರಾತು ಉಪ್ಪಿನ ನಾಡಾಯಿತು. ಇಂದಿಗೂ ನಮ್ಮ ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ಬರುವುದು ಇಲ್ಲಿಂದಲೇ. ಕರಾವಳಿಯಲ್ಲಿ ಕಡಲನೀರನ್ನು ಮಡಿಗಳಿಗೆ ಹಾಯಿಸಿ ಸಣ್ಣ ಹರಳಿನ ಕರ್ಕಚ್ ಉಪ್ಪನ್ನು ತೆಗೆಯುತ್ತಾರೆ. ಕಚ್ಛದ ಸಣ್ಣ ರಣದಲ್ಲಿಯಾದರೋ ಮಳೆಗಾಲದ ನೀರು ಇಂಗಿದೊಡನೆ ಅಗರಿಯರೆಂಬ ಉಪ್ಪಿನ ಕಸುಬಿನವರು ಸಂಸಾರ ಸಮೇತರಾಗಿ ಆ ಬಟ್ಟಬಯಲಿಗೆ ಇಳಿದು, ಬಾವಿ ತೋಡಿ, ಕಡಲಿಗಿಂತ ಹಲವು ಮಡಿ ಉಪ್ಪಾದ ಅಂತರ್ಜಲವನ್ನು ಮೇಲಕ್ಕೆತ್ತಿ ದೊಡ್ಡ ಹರಳಿನ ಬಡಾಗರಾ ಉಪ್ಪನ್ನು ಬೆಳೆಯುತ್ತಾರೆ. ಬೆಳೆಯುತ್ತಾರೆ ಎಂದೇ ಹೇಳಬೇಕು. ಮಡಿಯ ತಳದ ಜೇಡಿಯನ್ನು ದಿನಗಟ್ಟಲೆ ಬರಿಗಾಲಿನಿಂದ ತುಳಿದು ತುಳಿದು ನೀರು ಸೋರದಂತೆ ಗಟ್ಟಿಮಾಡುವುದೂ, ಹರಳು ಕೂಡತೊಡಗಿದ ಮೇಲೆ ಮರದ ಹಲ್ಲುಗಳುಳ್ಳ ಭಾರವಾದ ಕುಂಟೆಯನ್ನು ನಿತ್ಯವೂ ಅದರ ಮೇಲೆ ಎಳೆದು, ಹರಳುಗಳು ಒಂದಕ್ಕೊಂದು ಅಂಟಿ ಹಪ್ಪಳಗಟ್ಟದೆ ಎಲ್ಲ ಮುಖಗಳಲ್ಲಿಯೂ ಬಲಿಯುವಂತೆ ಮಾಡುವುದೂ ಒಕ್ಕಲುತನದ ಶ್ರಮಕ್ಕೆ ಯಾವ ರೀತಿಯಲ್ಲಿಯೂ ಕಡಮೆಯದಲ್ಲ. ಉಪ್ಪುಂಡು ಬಿರುಸಾದ ಅವರ ಪಾದಗಳು ಚಿತೆಯಲ್ಲಿಯೂ ಪೂರ್ತಿ ಬೇಯುವುದಿಲ್ಲವೆಂಬ ಮಾತು ಆ ಪ್ರಾಂತದಲ್ಲೆಲ್ಲ ಕೇಳಿಬರುತ್ತದೆ.

ಅಗರಿಯನ ವಿದ್ಯೆಯ ಮರ್ಮವಿರುವುದು ಕಾಲವನ್ನು ಅರಿಯುವುದರಲ್ಲಿ. ಕಡಲನೀರು ಹಿಂಗುತ್ತ ಬಂದಂತೆ ಅದರಲ್ಲಿ ಕರಗಿದ ವಸ್ತುಗಳು ಒಟ್ಟಿಗೇ ಹೊರಬೀಳದೆ ಒಂದು ನಿಯತವಾದ ಸರದಿಯನ್ನು ಅನುಸರಿಸುತ್ತವೆ: ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಮ್, ನೀರಿನ ಒಂಬತ್ತು ಪಾಲು ಹಿಂಗಿ ಒಂದು ಪಾಲು ಉಳಿದಾಗ ಅಡುಗೆಯ ಉಪ್ಪು, ಕಟ್ಟಕಡೆಗೆ ಮೆಗ್ನೀಸಿಯಮ್ಮಿನ ಕಹಿ ಲವಣಗಳು. ಮೆಡಿಟರೇನಿಯನ್ನಿನ ನೀರನ್ನು ಹಿಂಗಿಸಿ ಈ ಸರದಿಯನ್ನು ಅಳೆದು ಲೋಕಕ್ಕೆ ತಿಳಿಸಿದವನು ಯೂಸಿಗ್ಲಿಯೋ ಎಂಬಾತ, 1849ರಲ್ಲಿ. ಉಪ್ಪಿನ ಕಾರ್ಖಾನೆಗಳವರು ಇದನ್ನು ‘ಡಿಗ್ರಿ’ಯಲ್ಲಿ ಹೇಳುತ್ತಾರೆ, ಅದು ಶಾಖದ ಡಿಗ್ರಿಯಲ್ಲ, ಫ್ರೆಂಚ್ ಔಷಧಕಾರ ಬಾಮೆಯು 1768ರಲ್ಲಿ ರೂಪಿಸಿದ ತೇಲುಗಾಜಿನ ಡಿಗ್ರಿ. ಬುಡದಲ್ಲಿ ಭಾರವಿಟ್ಟ ಗಾಜಿನ ನಳಿಕೆಯನ್ನು ನೀರಿನಲ್ಲಿ ಬಿಟ್ಟರೆ, ನೀರು ಸಾಂದ್ರವಾದಷ್ಟೂ ಅದು ಮೇಲಕ್ಕೇಳುತ್ತದೆ. ಶುದ್ಧ ಜಲದಲ್ಲಿ ಸೊನ್ನೆ. ನೂರರಲ್ಲಿ 15 ಪಾಲು ಉಪ್ಪಿರುವ ನೀರಿನಲ್ಲಿ 15. ಹೀಗೆ ಉಪ್ಪಿನಿಂದಲೇ ಆ ಮಾಪಕಕ್ಕೆ ಗೆರೆ ಹಾಕಿದ್ದನು. ಕಡಲು ಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿದೆ. 25 ದಾಟಿದ ಮೇಲೆ ಉಪ್ಪು ಇಳಿಯತೊಡಗುತ್ತದೆ. 29ರ ಸುಮಾರಿಗೆ ಉಳಿದ ನೀರನ್ನು ಹೊರಕ್ಕೆ ಬಿಡಬೇಕು. ಆ ಕಹಿನೀರನ್ನು ಬಿಡುವುದರಲ್ಲಿ ಲೋಭ ಮಾಡಿದವನ ಉಪ್ಪು ಕಹಿಯೂ ಆಗುತ್ತದೆ, ಒದ್ದೆಯೂ ಆಗುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಆಷಾಢದಲ್ಲಿ ಮರಿಗೆಯ ಉಪ್ಪು ನೀರೊಡೆಯುವುದನ್ನು ಕಂಡವರೆಲ್ಲ ಇದರ ಪರಿಣಾಮವನ್ನು ಬಲ್ಲರು: ಅಪ್ಪಟ ಉಪ್ಪು ಗಾಳಿಯಲ್ಲಿ ನೂರಕ್ಕೆ 75ರಷ್ಟು ತೇವವಾಗುವವರೆಗೂ ಒಣಗಿಯೇ ಇರಬಲ್ಲುದು, ಮೆಗ್ನೀಸಿಯಮ್ ಕ್ಲೋರೈಡಾದರೋ 33ರಷ್ಟು ತೇವವಿದ್ದರೆ ಸಾಕು, ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ.

ಇನ್ನೊಂದು ಸಂಗತಿಯನ್ನೂ ಅಗರಿಯರು ತಲೆತಲಾಂತರದಿಂದ ಕಂಡಿದ್ದರು: ಮೊದಮೊದಲು ಲಗುಬಗೆಯಿಂದ ಹಿಂಗುವ ನೀರು, ಕೊನೆಕೊನೆಗೆ ಅದೇ ಬಿಸಿಲಿನಲ್ಲಿಯೂ ಸೋಮಾರಿಯಾಗುತ್ತದೆ. ಉಪ್ಪಿನಿಂದ ಪರ್ಯಾಪ್ತವಾದ ನೀರಿನ ಆವಿಯ ಒತ್ತಡವು ಶುದ್ಧ ಜಲದ್ದಕ್ಕಿಂತ ಕಾಲುಭಾಗದಷ್ಟು ಕಡಮೆ. ಕಹಿನೀರಿನದು ಇನ್ನೂ ಕಡಮೆ. ಇದಕ್ಕೆ ಕಾರಣವನ್ನು ಹುಡುಕಿದವರು ರಣವನ್ನು ಎಂದೂ ಕಾಣದವರು. ಫ್ರಾನ್ಸಿನ ರೌಲ್ಟ್ ಎಂಬ ಪಂಡಿತನು ನೂರಾರು ದ್ರಾವಣಗಳನ್ನು ತಣಿಸಿ ನೋಡಿ, ಕರಗಿದ ವಸ್ತು ಯಾವುದೇ ಆಗಿರಲಿ, ಅದರ ಅಣುಗಳ ಸಂಖ್ಯೆ ಒಂದೇ ಆದರೆ ಹೆಪ್ಪುಗಟ್ಟುವ ಬಿಂದು ಒಂದೇ ಪ್ರಮಾಣದಲ್ಲಿ ಕೆಳಗಿಳಿಯುತ್ತದೆಂದು ತೋರಿಸಿದನು. ಸಕ್ಕರೆ ಈ ನಿಯಮಕ್ಕೆ ವಿಧೇಯವಾಗಿತ್ತು. ಉಪ್ಪು ಮಾತ್ರ ತನ್ನ ಪಾಲಿಗಿಂತ ಸರಿಸುಮಾರು ಎರಡರಷ್ಟು ಇಳಿಸುತ್ತಿತ್ತು. ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಕ್ಲೋರೈಡುಗಳು ಮೂರರಷ್ಟಕ್ಕೆ ಹತ್ತಿರ ಹೋಗುತ್ತಿದ್ದುವು. ಹಾಲೆಂಡಿನ ವಾಂಟ್ ಹಾಫನು ದ್ರಾವಣದಲ್ಲಿರುವ ಕಣಗಳು ವಾಯುವಿನ ಕಣಗಳ ನಿಯಮವನ್ನೇ ಅನುಸರಿಸುತ್ತವೆಂದು ಸಾಧಿಸಿದನಾದರೂ, ಈ ಹಟಮಾರಿ ಲವಣಗಳಿಗಾಗಿ ತನ್ನ ಸಮೀಕರಣದಲ್ಲಿ ಒಂದು ಗುಣಕವನ್ನು ಸೇರಿಸಬೇಕಾಯಿತು; ಅದರ ಅರ್ಥವೇನೆಂಬುದು ಅವನಿಗೂ ಸ್ಪಷ್ಟವಿರಲಿಲ್ಲ. ಅರ್ಥವನ್ನು ಹೇಳಿದವನು ಸ್ವೀಡನ್ನಿನ ತರುಣ ಅರೀನಿಯಸ್. 1884ರಲ್ಲಿ ಅವನು ಉಪ್ಸಾಲಾದಲ್ಲಿ ಒಪ್ಪಿಸಿದ ಪ್ರಬಂಧವನ್ನು ಅಲ್ಲಿನ ಆಚಾರ್ಯರು ಕೆಳದರ್ಜೆಯಲ್ಲಿ ತೇರ್ಗಡೆ ಮಾಡಿದ್ದರು. 1887ರಲ್ಲಿ ಅವನು ಅದನ್ನೇ ಬೆಳೆಸಿ, ಉಪ್ಪು ನೀರಿಗೆ ಬಿದ್ದೊಡನೆ ಧನವಿದ್ಯುತ್ತುಳ್ಳ ಸೋಡಿಯಮ್ ಮತ್ತು ಋಣವಿದ್ಯುತ್ತುಳ್ಳ ಕ್ಲೋರಿನ್ ಅಯಾನುಗಳಾಗಿ ಬೇರ್ಪಡುತ್ತದೆ, ಆದಕಾರಣ ಒಂದು ಕಣ ಎರಡರ ಕೆಲಸ ಮಾಡುತ್ತದೆ ಎಂದು ಪ್ರತಿಪಾದಿಸಿದನು. ಮೆಗ್ನೀಸಿಯಮ್ ಕ್ಲೋರೈಡು ಮೂರಾಗಿ ಒಡೆಯುತ್ತದೆ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ವಾಂಟ್ ಹಾಫನಿಗೂ, 1903ರದು ಅರೀನಿಯಸ್ಸನಿಗೂ ಸಂದುವು.

ಇಲ್ಲಿ ನಮ್ಮವರ ಪಾತ್ರವೂ ಒಂದುಂಟು. ಅಡುಗೆಯ ಉಪ್ಪಿನಂತಹ ಲವಣಗಳು ಅರೀನಿಯಸ್ಸನ ಲೆಕ್ಕಕ್ಕೂ ಪೂರ್ತಿಯಾಗಿ ಒಗ್ಗಲಿಲ್ಲ. ಅವನು ಎಣಿಸಿದಂತೆ ಅವು ಅಂಶತಃ ಒಡೆಯುವುದಲ್ಲ, ಪೂರ್ತಿಯಾಗಿಯೇ ಒಡೆದಿರುತ್ತವೆ, ಆದರೆ ಬೇರ್ಪಟ್ಟ ಅಯಾನುಗಳು ಪರಸ್ಪರ ಸೆಳೆತದಿಂದಾಗಿ ಸ್ವತಂತ್ರವಾಗಿ ವರ್ತಿಸುವುದಿಲ್ಲ ಎಂಬ ವಿಚಾರವನ್ನು ಮುಂದಿಟ್ಟುಕೊಂಡು ಕಲ್ಕತ್ತೆಯ ಜ್ಞಾನಚಂದ್ರ ಘೋಷರು 1918ರಲ್ಲಿ ಬರೆದ ಲೇಖನಗಳು ಯೂರೋಪಿನ ವಿದ್ವಾಂಸರ ಗಮನವನ್ನು ಸೆಳೆದುವು. ಅಯಾನುಗಳು ದ್ರಾವಣದಲ್ಲಿಯೂ ಹರಳಿನಲ್ಲಿರುವಂತೆ ಸಾಲುಗಟ್ಟಿರುತ್ತವೆಂದು ಅವರು ಊಹಿಸಿದ್ದರು. 1923ರಲ್ಲಿ ಡಿಬೈ ಮತ್ತು ಹುಕೆಲ್ ಮಂಡಿಸಿದ ಸಿದ್ಧಾಂತ ಅದನ್ನು ಹಿಂದಕ್ಕೆ ಹಾಕಿತು. ಆದರೂ ಆ ದಿಕ್ಕಿನಲ್ಲಿ ಧೈರ್ಯವಾಗಿ ಹೆಜ್ಜೆಯಿಟ್ಟವರಲ್ಲಿ ಘೋಷರೂ ಒಬ್ಬರೆಂಬುದನ್ನು ಮರೆಯಲಾಗದು. ಇದೇ ಘೋಷರು 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರು.

ವಾಂಟ್ ಹಾಫನ ಬಗ್ಗೆ ನಮ್ಮಲ್ಲಿ ಅಷ್ಟಾಗಿ ಹೇಳದ ಸಂಗತಿಯೊಂದಿದೆ. ಅವನು ತನ್ನ ಉತ್ತರವಯಸ್ಸಿನ ಹತ್ತು ವರ್ಷಗಳಿಗೂ ಮೇಲ್ಪಟ್ಟು ಬರ್ಲಿನ್ನಿನಲ್ಲಿ ಕುಳಿತು, ಸ್ಟಾಸ್‌ಫುರ್ಟ್ ಎಂಬಲ್ಲಿ ನೆಲದಡಿಯಲ್ಲಿ ಪದರಪದರವಾಗಿ ಬಿದ್ದಿರುವ ಪ್ರಾಚೀನ ಕಡಲಿನ ಲವಣಗಳು ಯಾವ ಶಾಖದಲ್ಲಿ, ಯಾವ ಸರದಿಯಲ್ಲಿ ಹರಳುಗಟ್ಟಿರಬಹುದೆಂಬುದನ್ನೇ ಪರಿಶೋಧಿಸಿದನು. ಅಂದರೆ, ಅಗರಿಯನ ಮಡಿಯಲ್ಲಿ ವರ್ಷಂಪ್ರತಿ ನಡೆಯುವ ವ್ಯಾಪಾರವನ್ನೇ. ಆ ಸ್ಟಾಸ್‌ಫುರ್ಟಿನ ಗಣಿಗಳಿಂದ ಜರ್ಮನಿಯವರು ಮೆಗ್ನೀಸಿಯಮ್ ಕ್ಲೋರೈಡನ್ನು ತೆಗೆದು ಮುಂಬಯಿ, ಅಹಮದಾಬಾದುಗಳಿಗೆ ಕಳುಹಿಸುತ್ತಿದ್ದರು. ರಣಛೋಡಲಾಲ್ ಛೋಟಾಲಾಲರು 1861ರಲ್ಲಿ ಆರಂಭಿಸಿದ ಗಿರಣಿಯಿಂದ ಮೊದಲುಗೊಂಡು ಅಹಮದಾಬಾದು ಗಿರಣಿಗಳ ನಗರವಾಗಿ ಬೆಳೆದಿತ್ತಷ್ಟೆ. ಅಲ್ಲಿನ ಬೇಸಗೆಯ ಒಣಗಾಳಿಯಲ್ಲಿ ಹಾಸಿನ ನೂಲು ಪೆಡಸಾಗಿ ಮಗ್ಗದ ಮೇಲೆ ಪದೇ ಪದೇ ಕಡಿಯುತ್ತಿತ್ತು. ನೂಲಿಗೆ ಕೊಡುವ ಗಂಜಿಯಲ್ಲಿ ಮೆಗ್ನೀಸಿಯಮ್ ಕ್ಲೋರೈಡನ್ನು ಬೆರೆಸಿದರೆ ಅದು ಗಾಳಿಯ ತೇವವನ್ನು ಹೀರಿ ನೂಲನ್ನು ಮೆತ್ತಗಿಡುತ್ತದೆ. ಉಪ್ಪಿನ ಮರಿಗೆಯಲ್ಲಿ ದೋಷವೆನಿಸಿದ ಗುಣವೇ ಗಿರಣಿಯಲ್ಲಿ ಬೆಲೆಯುಳ್ಳದ್ದಾಯಿತು. ಮೊದಲನೆಯ ಮಹಾಯುದ್ಧ ತೊಡಗಿ ಜರ್ಮನಿಯ ಸರಕು ನಿಂತುಹೋದಾಗ ಗಿರಣಿಯವರ ದೃಷ್ಟಿ ರಣದ ಅಂಚಿನ ಖಾರಾಘೋಡಾದ ಕಡೆಗೆ ಹರಿಯಿತು. ಸರ್ಕಾರದ ಉಪ್ಪಿನ ಕಾರ್ಖಾನೆಯಿದ್ದ ಆ ಊರಿನಲ್ಲಿ ವರ್ಷವರ್ಷವೂ ಹೊರಕ್ಕೆ ಚೆಲ್ಲಿಹೋಗುತ್ತಿದ್ದ ಕಹಿನೀರಿನಿಂದಲೇ ಮೆಗ್ನೀಸಿಯಮ್ ಕ್ಲೋರೈಡನ್ನು ತೆಗೆಯುವ ಉದ್ಯಮ ಹುಟ್ಟಿತು; ಪಯೋನಿಯರ್ ಮ್ಯಾಗ್ನೀಸಿಯಾ ವರ್ಕ್ಸ್ ಅಲ್ಲಿ ನೆಲೆಗೊಂಡದ್ದು ಹೀಗೆ. ಚೆಲ್ಲುತ್ತಿದ್ದವನಿಗೆ ಅದರಿಂದ ಎಷ್ಟು ದೊರೆಯಿತೆಂಬುದು ಬೇರೆ ಪ್ರಶ್ನೆ. ಅಗರಿಯನ ಕೂಲಿಯು ಉಪ್ಪಿನ ತೂಕಕ್ಕೆ ಕಟ್ಟಿದ್ದುದೇ ಹೊರತು, ಅವನು ಹದವರಿತು ಬೇರ್ಪಡಿಸಿಕೊಟ್ಟ ಕಹಿನೀರಿಗೆ ಕಟ್ಟಿದ್ದಲ್ಲ.

ಸರ್ಕಾರವಾದರೂ ಉಪ್ಪನ್ನು ಬಲ್ಲುದು ಮಣದ ಲೆಕ್ಕದಲ್ಲಿ ಮಾತ್ರ. 1923ರಲ್ಲಿ ಮಣಕ್ಕೆ ಎರಡೂವರೆ ರೂಪಾಯಿಗೆ ಏರಿ, ಮರುವರ್ಷ ಒಂದೂಕಾಲು ರೂಪಾಯಿಗೆ ಇಳಿದ ಉಪ್ಪಿನ ತೆರಿಗೆಯ ವಿಷಯವೂ, ನೆಲದ ಮೇಲೆ ತಾನಾಗಿ ಹರಳುಗಟ್ಟಿದ ಉಪ್ಪನ್ನು ಕೂಡ ಹೆಕ್ಕಿಕೊಳ್ಳುವುದು ಅಪರಾಧವೆಂದ ಕಾನೂನಿನ ವಿಷಯವೂ ಎಲ್ಲರಿಗೂ ತಿಳಿದಿರುವುದರಿಂದ ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿಯವರೊಡನೆ ಹೊರಟ ಸತ್ಯಾಗ್ರಹಿಗಳಲ್ಲಿ ಕರ್ಣಾಟಕದಿಂದ ಹೋಗಿದ್ದವನು ಒಬ್ಬನೇ: ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಇನ್ನೂ ಹತ್ತೊಂಬತ್ತು ತುಂಬದ ಹುಡುಗ. ಆ ತಂಡ ಏಪ್ರಿಲ್ 1ರಂದು ತಾಪಿಯ ಬಲದಂಡೆಯ ಛಾಪರಾಭಾಠಾವನ್ನು ಬಿಟ್ಟು, ಹೊಳೆ ದಾಟಿ, ಸಂಜೆಗೆ ಸೂರತ್ತನ್ನು ಸೇರಿತು. ಅದಾದ ಹದಿಮೂರು ವರ್ಷಗಳ ಮೇಲೆ, 1943ರ ಏಪ್ರಿಲ್ 1ರಂದೇ, ಹೊಸರಿತ್ತಿಯಲ್ಲಿ ಮಹಾದೇವಪ್ಪ ಪೋಲೀಸರ ಗುಂಡಿಗೆ ಬಲಿಯಾದನು.

ದಾಂಡಿಯಲ್ಲಿ ಏಪ್ರಿಲ್ 6ರಂದು ಗಾಂಧೀಜಿ ಎತ್ತಿಕೊಂಡ ಉಪ್ಪು, ರಸಾಯನಶಾಸ್ತ್ರದ ದೃಷ್ಟಿಯಿಂದ ಹೇಳುವುದಾದರೆ, ಉಪ್ಪೆನಿಸಿಕೊಳ್ಳುವುದಕ್ಕೆ ಅಷ್ಟೇನೂ ಯೋಗ್ಯವಾದುದಲ್ಲ. ದಡದ ತಗ್ಗುಗಳಲ್ಲಿ ಕಡಲನೀರು ನಿಂತು ಪೂರ್ತಿ ಒಣಗಿದ ಪದರವದು. ಕಹಿನೀರನ್ನು ಬಸಿದು ಬಿಡುವವನಿಲ್ಲದ್ದರಿಂದ ಸಕಲ ಲವಣಗಳೂ ಅದರಲ್ಲಿ ಬೆರೆತಿರಲೇಬೇಕು. ಸಾಲದುದಕ್ಕೆ ಅಧಿಕಾರಿಗಳು ಮುಂಚಿತವಾಗಿಯೇ ಅದನ್ನು ಕೆಸರಿನೊಡನೆ ಕಲಸಿಹಾಕಿಸಿದ್ದರು. ಅಷ್ಟಾದರೂ ಕಾನೂನಿನ ಕಣ್ಣಿಗೆ ಅದು ಉಪ್ಪೇ ಆಗಿದ್ದುದರಿಂದ ಸತ್ಯಾಗ್ರಹಕ್ಕೆ ಕೊರತೆಯಾಗಲಿಲ್ಲ. ಮೇ 21ರಂದು ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ಧಾರಾಸಣಾದ ಉಪ್ಪಿನ ಕೋಠಿಗೆ ನಡೆದವರ ತಲೆಗಳ ಮೇಲೆ ಲಾಠಿಗಳು ಬಿದ್ದುದನ್ನು ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಜಗತ್ತಿಗೆ ಸಾರಿದನು. ನಮ್ಮ ಅಂಕೋಲೆಯಲ್ಲಿ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅಲ್ಲಿಗೆ ದೂರವಲ್ಲದ ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಅಂದಿನಂತೆ ಇಂದೂ ಅಘನಾಶಿನಿಯ ಅಳಿವೆಯ ನೀರನ್ನು ಮಡಿಯಿಂದ ಮಡಿಗೆ ಹಾಯಿಸಿ ಉಪ್ಪು ತೆಗೆಯುತ್ತಾರೆ. ಅದೇ ಅಳಿವೆಯ ಗಜನಿ ಗದ್ದೆಗಳಲ್ಲಿ, ಸಾಮಾನ್ಯ ಪೈರಿನ ಬೇರಿನಿಂದ ನೀರನ್ನೇ ಹೊರಕ್ಕೆಳೆದು ಒಣಗಿಸಬಲ್ಲ ಸವುಳು ನೀರಿನಲ್ಲಿ ಕಗ್ಗ ಭತ್ತ ಬೆಳೆಯುತ್ತದೆ.

ಉಪ್ಪಿನ ತೆರಿಗೆ 1947ರಲ್ಲಿ ರದ್ದಾಯಿತು. 1954ರ ಏಪ್ರಿಲ್ 10ರಂದು ಭಾವನಗರದಲ್ಲಿ ಉಪ್ಪು ಮತ್ತು ಕಡಲ ರಾಸಾಯನಿಕಗಳ ಕೇಂದ್ರ ಸಂಶೋಧನಾಲಯವನ್ನು ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ಉಪ್ಪನ್ನು ಶುದ್ಧಗೊಳಿಸುವುದು, ಕಹಿನೀರಿನಿಂದ ಪೊಟ್ಯಾಷು ಮೆಗ್ನೀಸಿಯಾಗಳನ್ನು ತೆಗೆಯುವುದು ಅದರ ಮೊದಲ ಉದ್ದೇಶಗಳಲ್ಲಿದ್ದುವಾದರೂ, ಉಪ್ಪುನೀರಿನಿಂದ ಸಿಹಿನೀರನ್ನು ಹಿಂಡಿ ತೆಗೆಯುವ ಪೊರೆಗಳ ಕೆಲಸವೂ ಅಲ್ಲಿ ಬೆಳೆದುಬಂದಿದೆ. ಕಡಲನೀರಿನಲ್ಲಿ ಬೇರ್ಪಟ್ಟು ನಿಂತ ಅಯಾನುಗಳು ಉಂಟುಮಾಡುವ ಅಭಿಸರಣದ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 27ರಷ್ಟು. ಪಂಪು ಅದನ್ನು ಮೀರಿ ಒತ್ತಿದರೆ ಮಾತ್ರ ಪೊರೆಯ ಆಚೆಗೆ ಸಿಹಿನೀರು ತೊಟ್ಟಿಕ್ಕುತ್ತದೆ. ರಣದಲ್ಲಿ ಕೋಸು ಎಂಬ ತೊಗಲಿನ ಚೀಲ ಹಾಕಿ ಬಾವಿಯಿಂದ ನೀರೆತ್ತುತ್ತಿದ್ದ ಎತ್ತುಗಳ ಸ್ಥಾನಕ್ಕೆ ಎಣ್ಣೆಯ ಎಂಜಿನ್ನು ಬಂದಿತು, ಅದರ ಸ್ಥಾನಕ್ಕೆ ಈಗೀಗ ಸೂರ್ಯಶಕ್ತಿಯ ಪಂಪು ಬರುತ್ತಿದೆ. ಸಣ್ಣ ರಣವನ್ನು 1973ರಲ್ಲಿ ಕಾಡುಕತ್ತೆಗಳ ಅಭಯಾರಣ್ಯವೆಂದು ಸಾರಿದಂದಿನಿಂದ ಅಗರಿಯನು ಮಡಿ ಕಟ್ಟುವ ನೆಲದ ಮೇಲೆ ಅವನಿಗಿರುವ ಹಕ್ಕು ವಿವಾದದಲ್ಲಿಯೇ ಉಳಿದಿದೆ. ಮತ್ತು ಕಡಲಿಗಿಂತ ಉಪ್ಪಾದ ಬಾವಿಯ ಪಕ್ಕದಲ್ಲಿ ವರ್ಷದ ಬಹುಭಾಗ ಸಂಸಾರ ಹೂಡುವ ಅವನ ಮನೆಯವರಿಗೆ ಕುಡಿಯುವ ನೀರು ಊರಿನಿಂದ ಟ್ಯಾಂಕರಿನಲ್ಲಿ ಬರಬೇಕು.